ಯಾರು ಗಟ್ಟಿ? ಪೈಗಳೋ, ಪೊರ್ಬುಗಳೋ?

ಉಡುಪಿಯಿಂದ ಕಾಪು ಕಡೆಗೆ ಹೋಗುವ ಸರ್ವಿಸ್ ಬಸ್ಸು ಬಲಾಯಿಪಾದೆ ದಾಟಿ ಉದ್ಯಾವರ ಪೇಟೆಗೆ ಬರುವಷ್ಟರಲ್ಲಿ ಒಂದು ಚರ್ಚೆ ಹುಟ್ಟಿ, ಬೆಳೆದು, ಮುಗಿದಿರುತ್ತದೆ. ಕಿಟಿಕಿಯ ಹೊರಗೆ ಎರಡು ಮಾಳಿಗೆಯ ಒಂದು ಮನೆ ಕಂಡರೆ ಸಾಕು. "ನೋಡಿ, ಪೊರ್ಬುಗಳ ಮನೆ. ಎಲ್ಲ ಗಲ್ಫಿನ ದುಡ್ಡು ಮಾರಾಯ್ರೆ" ಎಂದು ಒಬ್ಬರು ಶುರು ಮಾಡುತ್ತಾರೆ. "ಗಲ್ಫಿನದ್ದು ಎಷ್ಟು ದಿನ? ಹಣ ಅಂದರೆ ಕೊಂಕಣಿಗಳದ್ದು. ಮಣಿಪಾಲ ನೋಡಿ ಬನ್ನಿ" ಎಂದು ಇನ್ನೊಬ್ಬರು. ಕಂಡಕ್ಟರ್ ಸೀಟಿ ಊದುತ್ತಾನೆ. ಇಬ್ಬರೂ ಇಳಿದು ತಂತಮ್ಮ ದಾರಿ ಹಿಡಿಯುತ್ತಾರೆ. ತೀರ್ಪು ಮಾತ್ರ ಬಾಕಿ.

ಈ ತೀರ್ಪು ಬರೆಯುವ ಮೊದಲು ಕಕ್ಷಿದಾರರು ಯಾರೆಂದು ತಿಳಿಯಬೇಕು. ನಮ್ಮ ಊರಿನ ಬಾಯಿಮಾತಿನಲ್ಲಿ ಕೊಂಕಣಿಗಳೆಂದರೆ ಗೌಡ ಸಾರಸ್ವತ ಬ್ರಾಹ್ಮಣರು: ಪೈ, ಕಾಮತ್, ಶೆಣೈ, ನಾಯಕ್, ಪ್ರಭು. ಪೊರ್ಬುಗಳೆಂದರೆ ಕೆಥೊಲಿಕ್ ಕ್ರೈಸ್ತರು: ಡಿಸೋಜ, ಫೆರ್ನಾಂಡಿಸ್, ಲೋಬೊ, ಮಥಾಯಸ್. ಆದರೆ ಮನೆಯೊಳಗೆ ಅವರು ಆಡುವುದೂ ಕೊಂಕಣಿ, ಇವರು ಆಡುವುದೂ ಕೊಂಕಣಿ. ಇನ್ನೂ ತಮಾಷೆ ಎಂದರೆ 'ಪೊರ್ಬು' ಎಂಬ ಮಾತೇ 'ಪ್ರಭು' ಎಂಬುದರ ತುಳು ಉಚ್ಚಾರ. ಮತ ಬದಲಾಗುವುದಕ್ಕೆ ಮುಂಚಿನ ಮನೆತನದ ಹೆಸರು ಪ್ರಭು, ಪೈ, ಕಾಮತ್ ಎಂದು ನೆನಪಿಟ್ಟುಕೊಂಡಿರುವ ಕ್ರೈಸ್ತ ಕುಟುಂಬಗಳು ಈ ಕರಾವಳಿಯಲ್ಲಿ ಉಂಟು.

ಹಾಗಾದರೆ ಇದು ಅಣ್ಣತಮ್ಮಂದಿರ ಪಾಲುಪಟ್ಟಿಯ ಪ್ರಶ್ನೆ. ಒಂದೇ ಊರಿನಿಂದ ಹೊರಟ ಇಬ್ಬರಲ್ಲಿ ಒಬ್ಬನ ಕೈಗೆ ಗಲ್ಲಾಪೆಟ್ಟಿಗೆ, ಇನ್ನೊಬ್ಬನ ಕೈಗೆ ನೇಗಿಲು ಬಂದದ್ದು ಹೇಗೆ? ಇವತ್ತು ಯಾರ ಮನೆಯಲ್ಲಿ ನೆಮ್ಮದಿ?

ಹೊರಟದ್ದು ಒಂದೇ ಕಡೆಯಿಂದ

ಇಬ್ಬರ ಊರೂ ಗೋವೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. 1543ರಲ್ಲಿ ಸಾಷ್ಟಿ, ಬಾರ್ದೇಸ್ ಪ್ರಾಂತ್ಯಗಳೂ ಅವರ ಕೈಗೆ ಹೋದವು. 1560ರ ದಶಕದಲ್ಲಿ ದೇವಸ್ಥಾನಗಳನ್ನು ಕೆಡವುವ ಕೆಲಸ ಜೋರಾಯಿತು. ಮತ ಬಿಡಲು ಒಪ್ಪದ ಸಾರಸ್ವತರು ದೇವರನ್ನು ಕಟ್ಟಿಕೊಂಡು ತೆಂಕಲಿಗೆ ಹೊರಟರು. ವ್ಯಾಪಾರಕ್ಕೆಂದು ಅದಕ್ಕೂ ಮೊದಲೇ ಬಂದು ನೆಲೆಸಿದ ಮನೆಗಳೂ ಇದ್ದವು.

ಮತ ಬದಲಿಸಿದವರಾದರೂ ಸುಖದಲ್ಲಿದ್ದರೇ? ಅದೂ ಇಲ್ಲ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಶನ್ ಎಂಬ ಮತವಿಚಾರಣೆಯ ಕೋರ್ಟು ಕೂತಿತು. ಕ್ರೈಸ್ತನಾದವನು ಹಳೆಯ ಆಚಾರ ಬಿಟ್ಟಿದ್ದಾನೋ ಇಲ್ಲವೋ ಎಂದು ಮನೆಯೊಳಗೆ ಇಣುಕಿ ನೋಡುವ ಕೋರ್ಟು ಅದು. ಅದರ ಮೇಲೆ ಬರಗಾಲ, ರೋಗ, ತೆರಿಗೆ. 1683ರಲ್ಲಿ ಸಂಭಾಜಿಯ ದಂಡು, 1739ರಲ್ಲಿ ಮತ್ತೆ ಮರಾಠರ ದಂಡು. ಹೀಗೆ ಕ್ರೈಸ್ತರೂ ಗುಂಪು ಗುಂಪಾಗಿ ಇದೇ ದಾರಿ ಹಿಡಿದರು. ಒಬ್ಬರು ಮತ ಉಳಿಸಿಕೊಳ್ಳಲು ಓಡಿದರು, ಇನ್ನೊಬ್ಬರು ಮತ ಬದಲಿಸಿಯೂ ಓಡಬೇಕಾಯಿತು.

ಇಲ್ಲಿಗೆ ಬಂದ ಮೇಲೆ ದಾರಿ ಬೇರೆಯಾಯಿತು. ಸಾರಸ್ವತರಲ್ಲಿ ಬಹಳ ಮಂದಿಗೆ ಲೆಕ್ಕ ಬರೆಯುವ, ಸರಕು ಕೊಂಡು ಮಾರುವ ವಿದ್ಯೆ ಗೊತ್ತಿತ್ತು. ಅವರು ಬಸ್ರೂರು, ಕಲ್ಯಾಣಪುರ, ಕಾರ್ಕಳ, ಮಂಗಳೂರಿನ ಪೇಟೆಗಳನ್ನು ಹಿಡಿದರು. ಪೇಟೆ ಎಲ್ಲುಂಟೋ ಅಲ್ಲಿ ಒಂದು ವೆಂಕಟರಮಣ ದೇವಳ. ಪಡುತಿರುಪತಿ ಎಂದು ಹೆಸರಾದ ಕಾರ್ಕಳದ ದೇವಳವೂ ಪೇಟೆಯ ನಡುವೆಯೇ ನಿಂತಿದೆ. ಅಂದಿನ ಕಾಲದಲ್ಲಿ ಗೋವೆಯ ಪೋರ್ಚುಗೀಸರ ಅನ್ನಕ್ಕೆ ಅಕ್ಕಿ ಹೋಗುತ್ತಿದ್ದುದು ಇದೇ ಕನ್ನಡ ಕರಾವಳಿಯ ಬಂದರುಗಳಿಂದ. ಓಡಿಸಿದವರಿಗೇ ಅಕ್ಕಿ ಮಾರಿ ಲಾಭ ಮಾಡುವುದೆಂದರೆ ಅದು ವ್ಯಾಪಾರಸ್ಥನ ಗಟ್ಟಿತನವಲ್ಲದೆ ಮತ್ತೇನು?

ಕ್ರೈಸ್ತರಲ್ಲಿ ಹೆಚ್ಚಿನವರು ಬೇಸಾಯಗಾರರು. ಕೆಳದಿಯ ನಾಯಕರಿಗೆ ಪಾಳು ಬಿದ್ದ ಭೂಮಿಯನ್ನು ಹಸನು ಮಾಡುವ ಕೈಗಳು ಬೇಕಿದ್ದವು. ಭೂಮಿ ಕೊಟ್ಟರು, ಇಗರ್ಜಿ ಕಟ್ಟಲು ಬಿಟ್ಟರು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ 1678ರದ್ದು. ಕಾರ್ಕಳದ ಅತ್ತೂರು ಇಗರ್ಜಿ 1759ರದ್ದು. ಉದ್ಯಾವರ, ಪಾಂಗಾಳ, ಶಂಕರಪುರ, ಶಿರ್ವದ ಕಡೆ ಗದ್ದೆ ಬದುವಿನ ಪಕ್ಕದಲ್ಲಿ ಕ್ರೈಸ್ತರ ಮನೆಗಳು ಎದ್ದದ್ದು ಹೀಗೆ.

ಒಬ್ಬರು ಪೇಟೆಗೆ ಇಳಿದರು, ಒಬ್ಬರು ಗದ್ದೆಗೆ ಇಳಿದರು. ಮುಂದಿನ ಮುನ್ನೂರು ವರ್ಷದ ಕಥೆಯ ಅರ್ಧ ಭಾಗ ಇಷ್ಟರಲ್ಲೇ ಉಂಟು.

ಹದಿನೈದು ವರ್ಷ ಖಾಲಿ

ಉಳಿದ ಅರ್ಧದಲ್ಲಿ ಒಂದು ದೊಡ್ಡ ಪೆಟ್ಟು ಉಂಟು. 1784ರ ಫೆಬ್ರವರಿ, ಕ್ರೈಸ್ತರ ವಿಭೂತಿ ಬುಧವಾರದ ಹೊತ್ತು. ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಭೂಮಿ ಹೋಯಿತು, ಇಗರ್ಜಿಗಳು ನೆಲಸಮವಾದವು. ದಾರಿಯಲ್ಲಿ ಸತ್ತವರು, ಅಲ್ಲಿ ಸತ್ತವರು ಸಾವಿರಗಟ್ಟಲೆ. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆಯೇ ಉಳಿದವರು ಊರು ಕಂಡದ್ದು.

ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿನೈದು ದಿನ ಬಾಗಿಲು ಹಾಕಿದರೆ ಗಿರಾಕಿ ಬೇರೆ ಅಂಗಡಿ ಹಿಡಿಯುತ್ತಾನೆ. ಇಲ್ಲಿ ಹದಿನೈದು ವರ್ಷ. ಬಂದು ನೋಡಿದರೆ ಗದ್ದೆಯಲ್ಲಿ ಬೇರೆಯವರ ಪೈರು. ಇಂಗ್ಲಿಷರ ಮೊದಲ ಕಲೆಕ್ಟರ್ ಥಾಮಸ್ ಮನ್ರೋನ ಕಾಲದಲ್ಲಿ ಕೆಲವರಿಗೆ ಭೂಮಿ ವಾಪಸು ಸಿಕ್ಕಿತು. ಸಿಗದವರು ಇನ್ನೊಬ್ಬರ ಒಕ್ಕಲಾದರು. ಗೇಣಿ ಅಕ್ಕಿ ಹೊತ್ತು ಧನಿಯ ಅಂಗಳದಲ್ಲಿ ನಿಲ್ಲುವ ಬಾಳು ಶುರುವಾಯಿತು.

ಅದೇ ಹದಿನೈದು ವರ್ಷ ಸಾರಸ್ವತರ ಪೇಟೆ ನಡೆಯುತ್ತಲೇ ಇತ್ತು. ರಾಜ್ಯ ಯಾರದ್ದಾದರೂ ಉಪ್ಪು, ಎಣ್ಣೆ, ಬಟ್ಟೆ ಬೇಕಲ್ಲ? ಹೈದರನ ಕಾಲವಿರಲಿ, ಇಂಗ್ಲಿಷರ ಕಾಲವಿರಲಿ, ತಕ್ಕಡಿ ತೂಗುತ್ತಲೇ ಇತ್ತು. ಇದರಲ್ಲಿ ಯಾರ ಜಾಣತನವೂ ಇಲ್ಲ, ಯಾರ ದಡ್ಡತನವೂ ಇಲ್ಲ. ಒಬ್ಬರ ಗಂಟು ಬಿಚ್ಚಿ ಹೋಯಿತು, ಇನ್ನೊಬ್ಬರದ್ದು ಉಳಿಯಿತು. ಅಷ್ಟೆ.

ಎರಡಾಣೆಯ ಮಹಿಮೆ

ಗಂಟು ಉಳಿದವರೆಲ್ಲ ಬ್ಯಾಂಕು ಕಟ್ಟುವುದಿಲ್ಲ. ಸಾರಸ್ವತರು ಕಟ್ಟಿದರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕಾದ ಸಂಸ್ಥೆಯನ್ನು ಶುರು ಮಾಡಿದರು. ಸಾರಸ್ವತರ ಹೆಸರು ಹೇಳುವಾಗ ಸಾಹೇಬರ ಹೆಸರು ಬಿಡಬಾರದು. ಬ್ಯಾಂಕಿನ ಬುದ್ಧಿ ಒಂದೇ ಜಾತಿಯ ಸೊತ್ತಲ್ಲ.

1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್. ವ್ಯಾಪಾರಿ ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಮೂವರೂ ಸೇರಿ ಹೂಡಿದ ಬಂಡವಾಳ ಬರೇ 8,000 ರೂಪಾಯಿ. ನೇಕಾರರ ಕಷ್ಟಕ್ಕೆ ಆಗಲೆಂದು ಹೊರಟದ್ದು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವನು ಮನೆ ಬಾಗಿಲಿಗೆ ಬರುತ್ತಾನೆ. ಉದ್ಯಾವರದ ಬೀಡಾ ಅಂಗಡಿಯವನಿಗೂ, ಮೀನು ಮಾರುವ ಹೆಂಗಸಿಗೂ ಚೀಟಿ ಪುಸ್ತಕ ಸಿಕ್ಕಿತು.

ಪಿಗ್ಮಿ ಹಣ ಪೈಗಳದ್ದು ಮಾತ್ರವಲ್ಲ. ಬಿಲ್ಲವರದ್ದು, ಮೊಗವೀರರದ್ದು, ಬ್ಯಾರಿಗಳದ್ದು, ಪೊರ್ಬುಗಳದ್ದು ಎಲ್ಲ ಸೇರಿತ್ತು. ಅದನ್ನು ಒಟ್ಟು ಮಾಡಿ ಕೆಲಸಕ್ಕೆ ಹಚ್ಚುವ ಜಾಣ್ಮೆ ಪೈಗಳದ್ದು. ಅದೇ ಜಾಣ್ಮೆಯಿಂದ ಬೋಳು ಗುಡ್ಡವಾಗಿದ್ದ ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಎದ್ದಿತು. ಉಡುಪಿಯ ಎಂ.ಜಿ.ಎಂ. ಕಾಲೇಜು ಅದಕ್ಕೂ ಮೊದಲೇ, 1949ರಲ್ಲಿ ಬಂದಿತ್ತು.

ಬ್ಯಾಂಕಿನೊಡನೆ ಕೆಲಸವೂ ಬಂತು. ಮನೆಗೊಬ್ಬ ಬ್ಯಾಂಕ್ ಗುಮಾಸ್ತ ಎಂಬಂಥ ಕಾಲ ಇತ್ತು. ಮೆಟ್ರಿಕ್ ಮುಗಿಸಿ ಬೆಳಿಗ್ಗೆ ಹತ್ತಕ್ಕೆ ಹೋಗಿ ಸಂಜೆ ಬರುವ ನೌಕರಿ, ತಿಂಗಳು ತುಂಬಿದರೆ ಸಂಬಳ, ಮುದಿತನಕ್ಕೆ ಪೆನ್ಷನ್. 1969ರ ಜುಲೈ 19ರಂದು ಸಿಂಡಿಕೇಟ್, ಕೆನರಾ ಎರಡೂ ರಾಷ್ಟ್ರೀಕರಣವಾದವು. ಕೆಲಸ ಪರೀಕ್ಷೆ ಬರೆದವರ ಪಾಲಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿ ಹೆಸರೇ ಇಲ್ಲವಾಯಿತು. ಹುಟ್ಟಿದ ಊರಿನಲ್ಲೇ ಬೋರ್ಡು ಇಳಿಸಿದಾಗ ನಿವೃತ್ತ ನೌಕರರು ಮಾತ್ರವಲ್ಲ, ಪಿಗ್ಮಿ ಕಟ್ಟಿ ಮಗಳ ಮದುವೆ ಮಾಡಿದವರೂ ಬೇಸರ ಪಟ್ಟರು.

ಶಾಲೆಯಿಂದ ಹಡಗಿಗೆ, ಹಡಗಿನಿಂದ ಗಲ್ಫಿಗೆ

ಪೊರ್ಬುಗಳಿಗೆ ಬ್ಯಾಂಕು ಇರಲಿಲ್ಲ ಎನ್ನುವಂತಿಲ್ಲ. 1912ರಲ್ಲಿ ಮಂಗಳೂರಿನಲ್ಲಿ ಕೆಥೊಲಿಕ್ ಸಹಕಾರಿ ಬ್ಯಾಂಕ್ ಶುರುವಾಗಿತ್ತು. ಆದರೆ ಅವರ ನಿಜವಾದ ಬಂಡವಾಳ ಶಾಲೆ. ಇಗರ್ಜಿಯ ಅಂಗಳದಲ್ಲಿ ಶಾಲೆ ಇಲ್ಲದ ಊರು ಕಡಿಮೆ. 1880ರಲ್ಲಿ ಮಂಗಳೂರಿನ ಸಂತ ಎಲೋಶಿಯಸ್ ಕಾಲೇಜು ಬಂತು. ಅದೇ ವರ್ಷ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಮದ್ದು ಕೊಡಲು ಕೂತರು. ಕಾರ್ಮೆಲ್ ಸಿಸ್ಟರುಗಳು 1870ರಲ್ಲೇ ಮಂಗಳೂರಿಗೆ ಬಂದಿದ್ದರು. ಹಾಗಾಗಿ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದರಲ್ಲಿ, ಟೀಚರ್, ನರ್ಸ್ ಮಾಡುವುದರಲ್ಲಿ ಪೊರ್ಬುಗಳು ಮುಂದೆ. ಆ ವಿಷಯದಲ್ಲಿ ಸಾರಸ್ವತರ ಹಳೆ ಮನೆಗಳು ಹಿಂದೆ ಬಿದ್ದದ್ದು ಸುಳ್ಳಲ್ಲ. ಗಲ್ಲಾಪೆಟ್ಟಿಗೆ ತುಂಬಿದ್ದ ಮನೆಯಲ್ಲೂ ಹೆಂಗಸಿಗೆ ಅಡಿಗೆ ಕೋಣೆಯೇ ಪ್ರಪಂಚವಾಗಿದ್ದ ಕಾಲ ಇತ್ತು.

ಆದರೆ ಕಲಿತವನಿಗೆ ಊರಲ್ಲಿ ಕೆಲಸ ಎಲ್ಲಿ? ಗೇಣಿ ಗದ್ದೆ ನಾಲ್ಕು ಮಕ್ಕಳಿಗೆ ಸಾಲದು. ಗಂಡುಹುಡುಗರು ಹಡಗು ಹತ್ತಿ ಬೊಂಬಾಯಿಗೆ ಹೋದರು. ಗುಮಾಸ್ತ, ಟೈಪಿಸ್ಟ್, ಅಡಿಗೆಯವ, ಹಡಗಿನ ಕೆಲಸದವ, ಏನು ಸಿಕ್ಕಿದರೂ ಸೈ. ತಿಂಗಳು ತಿಂಗಳು ಮನಿಯಾರ್ಡರ್ ಬಂತು. 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿ ಗಲ್ಫಿನ ಬಾಗಿಲು ತೆರೆದಾಗ ಬೊಂಬಾಯಿಯ ಅನುಭವ ಇದ್ದವರೇ ಮೊದಲು ಒಳಗೆ ಹೋದರು. ಇಂಗ್ಲಿಷು ಬರುತ್ತಿತ್ತು, ಅಣ್ಣನೋ ಬಾವನೋ ಅಲ್ಲಿದ್ದ, ವೀಸಾ ಕಳಿಸಿದ. ಹುಲ್ಲಿನ ಮಾಡು ಹೋಗಿ ಹಂಚು ಬಂತು, ಹಂಚು ಹೋಗಿ ತಾರಸಿ ಬಂತು. ಬಸ್ಸಿನ ಕಿಟಿಕಿಯಿಂದ ಕಾಣುವುದು ಈ ತಾರಸಿ.

ತಾರಸಿಯ ಕೆಳಗಿನ ಕಥೆ ಕಿಟಿಕಿಯಿಂದ ಕಾಣುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಗಂಡ, ಅಪ್ಪನ ಮುಖ ಫೋಟೋದಲ್ಲಿ ಕಲಿತ ಮಗು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಉಟ್ಟ ಬಟ್ಟೆಯಲ್ಲಿ ಓಡಿ ಬಂದವರಲ್ಲಿ ಈ ಜಿಲ್ಲೆಯವರೂ ಇದ್ದರು. ಹದಿನೈದು ವರ್ಷದ ಸಂಪಾದನೆ ಹದಿನೈದು ದಿನದಲ್ಲಿ ಹೋದ ಮನೆಗಳಲ್ಲಿ ಅಜ್ಜಂದಿರು ಹೇಳುತ್ತಿದ್ದ ಶ್ರೀರಂಗಪಟ್ಟಣದ ಕಥೆ ಮತ್ತೆ ನೆನಪಾಗಿರಬೇಕು. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನ ಬಜ್ಪೆಯಲ್ಲಿ ಕಮರಿಗೆ ಬಿದ್ದು 158 ಜನ ಸತ್ತರು. ಅದರಲ್ಲಿ ಎಲ್ಲ ಜಾತಿಯವರೂ ಇದ್ದರು. ಗಲ್ಫಿನ ದುಡ್ಡಿಗೆ ಕೊಟ್ಟ ಬೆಲೆಯ ಲೆಕ್ಕ ತೆಗೆಯುವವರು ಇದನ್ನೂ ಬರೆದುಕೊಳ್ಳಬೇಕು.

ಧನಿ ಒಂದು ಬದಿ, ಒಕ್ಕಲು ಒಂದು ಬದಿ

ಈ ಎರಡು ಸಮುದಾಯ ಎದುರುಬದುರು ನಿಂತದ್ದು ಒಮ್ಮೆ. ದೇವಳ-ಇಗರ್ಜಿಯ ವಿಷಯಕ್ಕಲ್ಲ, ಗದ್ದೆಯ ವಿಷಯಕ್ಕೆ.

1974ರ ಮಾರ್ಚ್ 1ರಿಂದ ಹೊಸ ಭೂಸುಧಾರಣೆ ಕಾನೂನು ಜಾರಿಗೆ ಬಂತು. ಆಗ ದೇವರಾಜ ಅರಸರ ಸರಕಾರ. ಉಳುವವನೇ ಹೊಲದ ಒಡೆಯ ಎಂಬ ಘೋಷಣೆ. ಚಾಲಗೇಣಿಯ ಒಕ್ಕಲು ಡಿಕ್ಲರೇಶನ್ ಕೊಟ್ಟರೆ ಟ್ರಿಬ್ಯೂನಲ್ ವಿಚಾರಣೆ ಮಾಡಿ ಭೂಮಿಯನ್ನು ಅವನ ಹೆಸರಿಗೆ ಮಾಡುತ್ತಿತ್ತು. ಗೇಣಿ ಒಕ್ಕಲುಗಳೇ ತುಂಬಿದ್ದ ಅಂದಿನ ದಕ್ಷಿಣ ಕನ್ನಡದಲ್ಲಿ ಅರ್ಜಿಗಳ ರಾಶಿ ಬಿತ್ತು. ಧನಿಗಳಲ್ಲಿ ಬಂಟರಿದ್ದರು, ಶಿವಳ್ಳಿ ಬ್ರಾಹ್ಮಣರಿದ್ದರು, ಮಠ ದೇವಸ್ಥಾನಗಳಿದ್ದವು, ಜೈನರಿದ್ದರು, ಸಾರಸ್ವತರೂ ಇದ್ದರು. ಒಕ್ಕಲುಗಳಲ್ಲಿ ಬಿಲ್ಲವರ ಜೊತೆಗೆ ಪೊರ್ಬುಗಳು ಬಹಳ ಮಂದಿ.

ಮುಡಿ ಅಕ್ಕಿ ಹೊತ್ತು ಧನಿಯ ಅಂಗಳಕ್ಕೆ ಹೋಗುತ್ತಿದ್ದವನು ಪಟ್ಟಾ ಹಿಡಿದು ಮನೆಗೆ ಬಂದ. 1784ರಲ್ಲಿ ಹೋದದ್ದು ನೂರ ತೊಂಬತ್ತು ವರ್ಷದ ಮೇಲೆ ಸಿಕ್ಕಿತೆಂದು ಕೆಲವರಿಗೆ ಅನಿಸಿದ್ದರೆ ತಪ್ಪಲ್ಲ. ಸ್ವಂತ ನೆಲ ಸಿಕ್ಕಿದ ಮೇಲೆ ಬಾವಿ ತೋಡಿದರು, ತೆಂಗು ಇಟ್ಟರು. ಅದೇ ಹೊತ್ತಿಗೆ ಗಲ್ಫಿನ ದುಡ್ಡೂ ಬರತೊಡಗಿತ್ತು. ಎರಡೂ ಒಟ್ಟಿಗೆ ಬಂದದ್ದರಿಂದ ಇಪ್ಪತ್ತು ವರ್ಷದೊಳಗೆ ಮನೆಯ ರೂಪ ಬದಲಾಯಿತು.

ಧನಿಗಳ ಪೈಕಿ ಪೇಟೆಯಲ್ಲಿ ಅಂಗಡಿ, ಬ್ಯಾಂಕಿನಲ್ಲಿ ನೌಕರಿ ಇದ್ದವರು ಹೇಗೋ ಸುಧಾರಿಸಿಕೊಂಡರು. ಪೆಟ್ಟು ತಿಂದದ್ದು ಸಣ್ಣವರು. ಗಂಡ ಸತ್ತು, ಬರುವ ಹತ್ತೆಂಟು ಮುಡಿ ಗೇಣಿಯಲ್ಲೇ ಮಕ್ಕಳನ್ನು ಸಾಕುತ್ತಿದ್ದ ಹೆಂಗಸಿನ ಮನೆಗೆ ಆ ವರ್ಷದಿಂದ ಅಕ್ಕಿ ಬರಲಿಲ್ಲ. ಸರಕಾರ ಕೊಟ್ಟ ಪರಿಹಾರ ಎಷ್ಟು ದಿನ ಬಂದೀತು? ಹಪ್ಪಳ ಲಟ್ಟಿಸಿ, ಉಪ್ಪಿನಕಾಯಿ ಹಾಕಿ ಮಾರಿ ಮಕ್ಕಳನ್ನು ಓದಿಸಿದ ಸಾರಸ್ವತ ತಾಯಂದಿರು ಈ ಕರಾವಳಿಯಲ್ಲಿ ಕಡಿಮೆ ಅಲ್ಲ. ಕಾನೂನು ನ್ಯಾಯದ್ದೇ. ಆದರೆ ನ್ಯಾಯದ ಗಾಡಿ ಹೋಗುವಾಗ ಚಕ್ರದ ಅಡಿಗೆ ಸಿಕ್ಕಿದವರೂ ಉಂಟು. ಅದನ್ನೂ ಹೇಳಬೇಕು.

ಮಲ್ಲಿಗೆಯ ಅಟ್ಟೆ

ಸಿಕ್ಕಿದ ನೆಲದಲ್ಲಿ ಏನು ಮಾಡಬಹುದೆಂಬುದಕ್ಕೆ ಉದ್ಯಾವರದ ಪಕ್ಕದಲ್ಲೇ ಒಂದು ಸಾಕ್ಷಿ ಉಂಟು. ಕಟಪಾಡಿಯಿಂದ ಒಳಗೆ ಹೋದರೆ ಶಂಕರಪುರ. ಮನೆ ಹಿತ್ತಿಲಿನ ಹತ್ತು ಸೆಂಟ್ಸಿನಲ್ಲೂ ಮಲ್ಲಿಗೆ ಗಿಡ. ಈ ಬೇಸಾಯವನ್ನು ಬೆಳೆಸಿದವರಲ್ಲಿ ಕ್ರೈಸ್ತ ಮನೆಗಳು ಮುಂದೆ. ಬೆಳಗಿನ ಜಾವ ಮೊಗ್ಗು ಕೊಯ್ಯಬೇಕು, ಬಾಳೆ ನಾರಿನಲ್ಲಿ ಕಟ್ಟಬೇಕು, ಗಾಡಿ ಹೊರಡುವ ಮೊದಲು ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನ ದಿನ ಬೇರೆ. ಮಳೆಗಾಲದಲ್ಲಿ ಕುಸಿದು, ಮದುವೆ ಹಬ್ಬದ ದಿನಗಳಲ್ಲಿ ಅಟ್ಟೆಗೆ ಸಾವಿರ ದಾಟುವುದೂ ಉಂಟು.

ಆ ಹಣ ಹೆಚ್ಚಾಗಿ ಮನೆಯ ಹೆಂಗಸರ ಕೈಗೆ ಬರುವಂಥದ್ದು. ಶಾಲೆ ಫೀಸು, ಬೀಸಿಗೆ ಹಾಕಿದ ಚೀಟಿಫಂಡು, ಚಿನ್ನದ ಒಂದು ಬಳೆ ಎಲ್ಲ ಅದರಿಂದಲೇ. ಆ ಹೂವು ಹೋಗುವುದು ಎಲ್ಲಿಗೆ? ಪೈಗಳ ಮನೆಯ ಮದುವೆಗೆ, ಕಾಮತರ ದೇವಳದ ಉತ್ಸವಕ್ಕೆ, ದೈವದ ಕೋಲಕ್ಕೆ, ಇಗರ್ಜಿಯ ಹಬ್ಬಕ್ಕೆ. ಬಾಯಮ್ಮ ಕಟ್ಟಿದ ಮಲ್ಲಿಗೆ ವೆಂಕಟರಮಣನ ಕೊರಳಿಗೆ. ಈ ಊರಿನ ವ್ಯವಹಾರದ ಗುಟ್ಟು ಇಷ್ಟೆ. ಇಬ್ಬರಲ್ಲಿ ಒಬ್ಬರು ನೆಲಕಚ್ಚಿದರೆ ಇನ್ನೊಬ್ಬರಿಗೂ ವ್ಯಾಪಾರ ಇಲ್ಲ. ಗಲ್ಫಿನ ಮನಿಯಾರ್ಡರು ಬಂದ ವಾರ ಜೀನಸು ಅಂಗಡಿಯ ಬಾಕಿ ತೀರುತ್ತಿತ್ತು ಎಂದು ಹಳೆ ಅಂಗಡಿಯವರು ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ.

ಅದೇ ದಾರಿಯಲ್ಲಿ ಬಂದ ಮೂರನೆಯವರು

'ರಕ್ತದಲ್ಲೇ ವ್ಯಾಪಾರ ಉಂಟು ಅವರಿಗೆ' ಎಂದು ಬಸ್ಸಿನಲ್ಲಿ ಹೇಳುವವರಿಗೆ ಒಂದು ಪ್ರಶ್ನೆ. ಗೋವೆಯಿಂದಲೇ ಬಂದವರು, ಕೊಂಕಣಿಯನ್ನೇ ಆಡುವವರು ಇನ್ನೊಬ್ಬರಿದ್ದಾರೆ: ಕುಡುಬಿಯರು. ಕಾರ್ಕಳ, ಹೆಬ್ರಿ, ಬಾರ್ಕೂರಿನ ಕಡೆ ಹೋಳಿ ಹಬ್ಬಕ್ಕೆ ಗುಮಟೆ ಬಾರಿಸಿ ಕುಣಿಯುವಾಗ ಮಾತ್ರ ಪೇಟೆಯವರಿಗೆ ಅವರ ನೆನಪು. ಅವರು ಕಾಡು ಹೊಕ್ಕು ಕುಮರಿ ಬೇಸಾಯ ಮಾಡಿದರು, ಕಾಚು ತೆಗೆದರು. ಇಂಗ್ಲಿಷರು ಕುಮರಿಗೆ ಅಡ್ಡ ಹಾಕಿದರು. ಹೋದದ್ದು ಪೇಟೆಯಿಂದ ದೂರ, ಹತ್ತಿರದಲ್ಲಿ ಶಾಲೆಯಿಲ್ಲ, ಸಾಲ ಕೊಡುವ ಬ್ಯಾಂಕಿಲ್ಲ. ಇವತ್ತಿಗೂ ಅವರಲ್ಲಿ ಬಹುಪಾಲು ಕೂಲಿಯವರೇ.

ಒಂದೇ ಊರು, ಒಂದೇ ಭಾಷೆ, ಒಂದೇ ಓಟ. ಒಬ್ಬನಿಗೆ ಪೇಟೆ ಮತ್ತು ಬ್ಯಾಂಕು. ಒಬ್ಬನಿಗೆ ಶಾಲೆ, ಹಡಗು, ಕೊನೆಗೆ ಪಟ್ಟಾ. ಒಬ್ಬನಿಗೆ ಕಾಡು ಮಾತ್ರ. ಗಟ್ಟಿತನ ರಕ್ತದಿಂದ ಬರುವುದಾದರೆ ಮೂವರೂ ಒಂದೇ ಹಾಗೆ ಇರಬೇಕಿತ್ತಲ್ಲ? ಕೈಗೆ ಏನು ಸಿಕ್ಕಿತು, ಸಿಕ್ಕಿದ್ದನ್ನು ನಾಲ್ಕು ಜನ ಸೇರಿ ಹೇಗೆ ಕೂಡಿಸಿದರು ಎಂಬುದರ ಮೇಲೆ ನಿಂತದ್ದು ಇದೆಲ್ಲ.

ಗಟ್ಟಿಯವರ ಒಳಗೂ ಬಡವರು

ಇನ್ನೊಂದು ತಪ್ಪು ಲೆಕ್ಕ ಉಂಟು. ಮಣಿಪಾಲ ತೋರಿಸಿ ಪೈಗಳೆಲ್ಲ ಶ್ರೀಮಂತರು ಎನ್ನುವುದು, ತಾರಸಿ ತೋರಿಸಿ ಪೊರ್ಬುಗಳೆಲ್ಲ ಗಲ್ಫಿನವರು ಎನ್ನುವುದು. ಮದುವೆ ಮನೆಯಲ್ಲಿ ಸೌದೆ ಒಲೆಯ ಎದುರು ಬೆವರುವ ಅಡಿಗೆಯವ, ಜವಳಿ ಅಂಗಡಿಯಲ್ಲಿ ಮೂವತ್ತು ವರ್ಷ ಸೀರೆ ಬಿಡಿಸಿ ಮಡಿಸಿದ ಗುಮಾಸ್ತ, ದೇವಳದ ಪರಿಚಾರಕ, ಇವರೂ ಸಾರಸ್ವತರೇ. ಇವರಿಗೆ ಮೀಸಲಾತಿ ಎಂಬುದೊಂದು ಇರಲೇ ಇಲ್ಲ. 2019ರಲ್ಲಿ ಬಡ ಮೇಲ್ವರ್ಗಕ್ಕೆ ಕೇಂದ್ರದ ಶೇಕಡಾ 10 ಬಂದ ಮೇಲೆ ಅರ್ಜಿ ಹಾಕಲಾದರೂ ಒಂದು ದಾರಿಯಾಯಿತು.

ಅತ್ತ ಕಡೆ, ವೀಸಾ ಏಜೆಂಟನಿಗೆ ಸಾಲ ಮಾಡಿ ಹಣ ಕೊಟ್ಟು ಮೋಸ ಹೋದವರು, ಕಂಪೆನಿ ಮುಚ್ಚಿ ಐವತ್ತರ ಪ್ರಾಯದಲ್ಲಿ ಬರಿಗೈಲಿ ಬಂದವರು, ಕುಡಿತಕ್ಕೆ ಬಿದ್ದು ಹಿತ್ತಿಲು ಮಾರಿದವರು ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ರಾಜ್ಯದ ಪಟ್ಟಿಯಲ್ಲಿ ಕ್ರೈಸ್ತರು 3-ಬಿ. ಕಾಗದದಲ್ಲಿ ಅದು ಉಂಟು, ಮನೆಯಲ್ಲಿ ಅಕ್ಕಿ ಇರಬೇಕಲ್ಲ? ಅಂಥವರ ಮನೆಗೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಸದ್ದಿಲ್ಲದೆ ಅಕ್ಕಿ ಸಾಮಾನು ಮುಟ್ಟಿಸುತ್ತಾರೆ. ಸಾರಸ್ವತರಲ್ಲಿ ದೇವಳದ ಭೋಜನವೂ, ವಿದ್ಯಾರ್ಥಿ ವೇತನವೂ ಉಂಟು. ತಮ್ಮವರಲ್ಲಿ ಬಿದ್ದವನನ್ನು ಎತ್ತುವ ಏರ್ಪಾಡು ಇಬ್ಬರಲ್ಲೂ ಉಂಟು. ಇದೇ ಅವರ ನಿಜವಾದ ಠೇವಣಿ.

ಬೀಗದ ಲೆಕ್ಕ

ಹಾಗಾದರೆ ಇವತ್ತು ಯಾರು ಗಟ್ಟಿ?

ಹಣ ಮತ್ತು ಸಂಸ್ಥೆಯ ಲೆಕ್ಕ ನೋಡಿದರೆ ಸಾರಸ್ವತರ ತಕ್ಕಡಿ ತಗ್ಗುತ್ತದೆ. ಕಾಲಡಿಯ ನೆಲ ಮತ್ತು ಹೆಣ್ಣುಮಕ್ಕಳ ದುಡಿಮೆಯ ಲೆಕ್ಕ ನೋಡಿದರೆ ಪೊರ್ಬುಗಳದ್ದು. ಆಸ್ಪತ್ರೆ, ಶಾಲೆ ಇಬ್ಬರೂ ಕಟ್ಟಿದ್ದಾರೆ. ಅದರಲ್ಲಿ ಮಲಗುವವರು, ಕಲಿಯುವವರು ಎಲ್ಲ ಜಾತಿಯವರು. ಭಾಷೆಗೆ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗ ಸಿಕ್ಕಿದ್ದೂ ಇಬ್ಬರಿಗೂ ಸೇರಿದ ಮಾನ.

ಆದರೆ ಈಗ ಬಂದಿರುವ ಕಷ್ಟವೂ ಇಬ್ಬರದ್ದು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11.77 ಲಕ್ಷ. ಹತ್ತು ವರ್ಷದಲ್ಲಿ ಏರಿದ್ದು ಶೇಕಡಾ 6ಕ್ಕಿಂತ ಕಡಿಮೆ. ಇಡೀ ರಾಜ್ಯ ಶೇಕಡಾ 15 ದಾಟಿ ಏರಿದಾಗ ನಮ್ಮಲ್ಲಿ ಇಷ್ಟು. 1,000 ಗಂಡಸರಿಗೆ 1,094 ಹೆಂಗಸರು. ಗಂಡುಹುಡುಗರು ಎಲ್ಲಿ ಎಂದು ಕೇಳಿದರೆ ಬೆಂಗಳೂರು, ಮುಂಬಯಿ, ದುಬಾಯಿ, ಈಗೀಗ ಕೆನಡಾ. ಮೊದಲು ಪೊರ್ಬುಗಳ ಮನೆ ಮಾತ್ರ ಖಾಲಿಯಾಗುತ್ತಿತ್ತು. ಬ್ಯಾಂಕಿನ ಕೆಲಸ ಊರಲ್ಲಿ ಸಿಗದಾದ ಮೇಲೆ ಸಾರಸ್ವತರ ಮನೆಯೂ ಅದೇ ದಾರಿ ಹಿಡಿಯಿತು. ಮಗ ಕಂಪ್ಯೂಟರ್ ಕಲಿತು ಅಮೆರಿಕಕ್ಕೆ ಹೋದ, ಅಪ್ಪ ಅಂಗಡಿಯಲ್ಲಿ ಒಬ್ಬನೇ ಕೂತ.

ಆ ಅಂಗಡಿಯ ಸ್ಥಿತಿಯೂ ಓದುಗರಿಗೆ ಗೊತ್ತಿದ್ದದ್ದೇ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಲೆಕ್ಕದ ಖರ್ಚು ಹೆಚ್ಚಾಯಿತು. ಸೂಪರ್ ಮಾರ್ಕೆಟ್ ಬಂತು, ಫೋನಿನಲ್ಲಿ ಒತ್ತಿದರೆ ಸಾಮಾನು ಮನೆಗೆ ಬರುವ ಕಾಲ ಬಂತು. ಹೆದ್ದಾರಿ ಅಗಲವಾದ ಮೇಲೆ ಆಚೆ ಬದಿಯ ಗಿರಾಕಿ ಈಚೆ ಬದಿಗೆ ದಾಟಿ ಬರುವುದೇ ಒಂದು ಸಾಹಸ. ಅಂಗಡಿಯಲ್ಲಿ ಕೂರುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ ಎಂಬುದು ಪೈಗಳ ಮನೆಯ ಮಾತು. ಗದ್ದೆ ನೋಡಿಕೊಂಡು ಇರುವ ಹುಡುಗನಿಗೆ ಹೆಣ್ಣಿಲ್ಲ ಎಂಬುದು ಪೊರ್ಬುಗಳ ಮನೆಯ ಮಾತು. ಮಾತು ಎರಡು, ಸಂಕಟ ಒಂದು.

ಇನ್ನೊಮ್ಮೆ ಬಸ್ಸಿನಲ್ಲಿ ಹೋಗುವಾಗ ಆ ಎರಡು ಮಾಳಿಗೆಯ ಮನೆಯನ್ನು ಸರಿಯಾಗಿ ನೋಡಿ. ಮೇಲಿನ ಮಾಳಿಗೆಯ ಕಿಟಿಕಿ ಮುಚ್ಚಿಯೇ ಉಂಟು. ಕೆಳಗೆ ಒಬ್ಬಳು ಮುದುಕಿ, ಒಬ್ಬಳು ಕೆಲಸದವಳು, ಒಂದು ನಾಯಿ. ಪೇಟೆಯ ಹಳೆ ಜೀನಸು ಅಂಗಡಿಯ ನಾಲ್ಕು ಹಲಗೆಯಲ್ಲಿ ಎರಡನ್ನು ಮಾತ್ರ ತೆಗೆದಿರುತ್ತಾರೆ. ಒಳಗೆ ಎಪ್ಪತ್ತರ ಮಾಮ್, ತಕ್ಕಡಿಯ ಪಕ್ಕದಲ್ಲಿ ಮಗನ ಫೋನಿಗೆ ಕಾಯುತ್ತಾ. ಆ ಬಾಯಮ್ಮ ಬೆಳಿಗ್ಗೆ ಪೂಜೆ ಮುಗಿಸಿ ಬರುವಾಗ ಈ ಅಂಗಡಿಗೆ ಬರುತ್ತಾಳೆ. ಕೊಂಕಣಿಯಲ್ಲೇ ಮಾತು. ಅವಳದ್ದು ಒಂದು ಬಗೆಯ ಕೊಂಕಣಿ, ಅವನದ್ದು ಇನ್ನೊಂದು ಬಗೆ. ಆದರೆ 'ಮಗ ಯಾವಾಗ ಬರುತ್ತಾನೆ' ಎಂಬ ಪ್ರಶ್ನೆ ಇಬ್ಬರಿಗೂ ಅರ್ಥವಾಗುತ್ತದೆ.

ಗೋವೆಯಿಂದ ಓಡಿ ಬಂದ ಇಬ್ಬರಿಗೂ ಈ ಊರು ನೆಲೆ ಕೊಟ್ಟಿತು. ಒಬ್ಬರು ಎರಡಾಣೆ ಕೂಡಿಸಿ ಬ್ಯಾಂಕು ಕಟ್ಟಿದರು, ಒಬ್ಬರು ಮೊಗ್ಗು ಕೂಡಿಸಿ ಮನೆ ಕಟ್ಟಿದರು. ಈಗ ಕೂಡಿಸಬೇಕಾದದ್ದು ಹಣವಲ್ಲ, ಜನ. ದೇವಳದ ಆಡಳಿತದವರೂ, ಇಗರ್ಜಿಯ ಪಾಲನಾ ಮಂಡಳಿಯವರೂ ಕಟ್ಟಡಕ್ಕೆ ಹಾಕುವ ಖರ್ಚಿನಲ್ಲಿ ಸ್ವಲ್ಪ ತೆಗೆದು, ಊರಲ್ಲೇ ಇದ್ದು ದುಡಿಯುತ್ತೇನೆ ಎನ್ನುವ ಹುಡುಗ ಹುಡುಗಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟರೆ ಹೇಗೆ? 8,000 ರೂಪಾಯಿಯಲ್ಲಿ ಬ್ಯಾಂಕು ಹುಟ್ಟಿದ ಊರಿನಲ್ಲಿ ಇದು ಆಗದ ಕೆಲಸವಲ್ಲ.

ಯಾರು ಗಟ್ಟಿ ಎಂದು ಮತ್ತೆ ಕೇಳುವವರಿಗೆ ಒಂದೇ ಉತ್ತರ: ನಾಳೆ ಬೆಳಿಗ್ಗೆ ಯಾರ ಬಾಗಿಲು ತೆಗೆಯಲು ಮನೆಯಲ್ಲಿ ಜನ ಉಂಟೋ, ಅವರೇ ಗಟ್ಟಿ.